ದುಂಡು ಬೆಳಕಿನ ನಾಲ್ಕು ಮೂಲೆ

ನಾನು ಪಾಠ ಹೇಳುವ ಹೊಲಿಗೆ ತರಗತಿಗೆ ಒಯ್ಯುವ ಊಟದ ಡಬ್ಬಿ ಉದ್ದಚೌಕದ್ದು. ನಮ್ಮ ಮನೆಯ ಕಾವಲಿಯೋ, ಲೋಕದ ಎಲ್ಲ ಕಾವಲಿಗಳ ಹಾಗೆ, ದುಂಡಗಿನದು. ಈ ಎರಡರ ನಡುವೆ ದಿನಾ ಬೆಳಿಗ್ಗೆ ನಾನು ನಡೆಸುವ ಸಂಧಾನವನ್ನು ನೀವೊಮ್ಮೆ ಬಂದು ನೋಡಬೇಕು. ದೋಸೆ ಡಬ್ಬಿಗಿಂತ ದೊಡ್ಡದಾದರೆ ಹೊರಗೆ ಉಳಿದ ಗರಿಗರಿ ಅಂಚನ್ನು ಕತ್ತರಿಸಿ, ಒಲೆಯ ಮುಂದೆ ನಿಂತೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಚಿಕ್ಕದಾದರೆ ಡಬ್ಬಿಯ ನಾಲ್ಕು ಮೂಲೆಗಳು ಖಾಲಿ ಉಳಿದು, ಮಧ್ಯಾಹ್ನದ ಹೊತ್ತಿಗೆ ಚಟ್ನಿಯೆಲ್ಲ ಅಲ್ಲಿ ಹೋಗಿ ಕೂತಿರುತ್ತದೆ. ಮಡಚಿ ಹಾಕಬಾರದೇ ಎಂದು ಕೇಳುತ್ತೀರಿ. ಮಡಚಿದ ದೋಸೆ ಮಡಿಕೆಯಲ್ಲಿ ಬೆವತು ಮೆತ್ತಗಾಗುತ್ತದೆ, ಅದು ನನಗೆ ಸೇರದು, ಅಷ್ಟೇ. ಡಬ್ಬಿಯ ಉದ್ದವನ್ನೂ ಅಗಲವನ್ನೂ ನೋಡಿ ಪ್ರಯೋಜನವಿಲ್ಲ, ಮೂಲೆಯಿಂದ ಎದುರು ಮೂಲೆಗೆ ಎಳೆದ ಅಡ್ಡಗೆರೆಯಷ್ಟು ದೋಸೆ ಅಗಲವಿದ್ದರೆ ಮಾತ್ರ ಡಬ್ಬಿಯ ತಳ ಪೂರ್ತಿ ಮುಚ್ಚುತ್ತದೆ ಎಂಬ ಸತ್ಯ ನನಗೆ ಹೀಗೆ, ಕೈಯಲ್ಲಿ ಸಟ್ಟುಗ ಹಿಡಿದೇ ಗೊತ್ತಾದದ್ದು.

ಇದೇ ಸತ್ಯದ ಮೇಲೆ ನಮ್ಮ ಮನೆಯವರ ಬದುಕು ನಿಂತಿತ್ತೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ನಮ್ಮ ಮನೆಯವರು ಕ್ಯಾಮೆರಾಮನ್. ಹಾಡು, ಹೊಡೆದಾಟಗಳ ಸಿನಿಮಾದವರಲ್ಲ. ರೇಷ್ಮೆ ಹುಳು, ಕೆರೆ, ಮಗುವಿಗೆ ಲಸಿಕೆ ಇಂಥವುಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದವರು. ತೊಂಬತ್ತರ ದಶಕದ ಆರಂಭದಲ್ಲಿ ಮದರಾಸಿನ ಮುಚ್ಚಿಹೋದ ಸ್ಟುಡಿಯೋ ಒಂದರಿಂದ ನಾಲ್ಕು ಲೆನ್ಸುಗಳನ್ನು ತಂದರು. ಜಯನಗರದ ನಮ್ಮ ಮಹಡಿ ಮನೆಯಲ್ಲಿ ನನ್ನ ಒಡವೆಗೆ ಸಿಗದ ಮರ್ಯಾದೆ ಅವುಗಳಿಗೆ ಸಿಕ್ಕಿತು: ಬೀರುವಿನ ಮಧ್ಯದ ಅರೆ, ಮಖಮಲ್ಲಿನ ಹಾಸು, ತೇವ ಹೀರಲೆಂದು ಹುರಿದ ಅಕ್ಕಿಯ ಪುಟ್ಟ ಗಂಟು. ಆಯುಧಪೂಜೆಯ ದಿನ ನಾನು ನನ್ನ ಹೊಲಿಗೆ ಯಂತ್ರಕ್ಕೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದರೆ, ಇವರು ಲೆನ್ಸಿನ ಪೆಟ್ಟಿಗೆಗೆ ಅಡ್ಡಲಾಗಿ ನಿಂತು, “ಪೆಟ್ಟಿಗೆಗೆ ಮಾತ್ರ ಕಣೇ, ಗಾಜಿನ ಹತ್ರ ಮಾತ್ರ ಬರ್ಬೇಡ” ಎಂದು ಗೋಗರೆಯುತ್ತಿದ್ದರು. ಸವತಿಯೊಬ್ಬಳಿದ್ದಿದ್ದರೆ ಅವಳ ವಿಷಯದಲ್ಲೂ ನಾನು ಇಷ್ಟು ಉದಾರವಾಗಿರುತ್ತಿರಲಿಲ್ಲ.

ಆ ಲೆನ್ಸುಗಳನ್ನು ಹದಿನಾರು ಮಿಲಿಮೀಟರಿನ ಫಿಲ್ಮಿಗೆಂದೇ ಮಾಡಿದ್ದು. ಫಿಲ್ಮಿನ ಒಂದೊಂದು ಚಿತ್ರವೂ ನನ್ನ ಕಿರುಬೆರಳ ಉಗುರಿಗಿಂತ ತುಸು ದೊಡ್ಡದು, ಅಷ್ಟೇ. ಅದಕ್ಕೆ ಸಾಕಾಗುವಷ್ಟು ಬೆಳಕನ್ನು ಎರಚಿದರೆ ಲೆನ್ಸಿನ ಕೆಲಸ ಮುಗಿಯಿತು. ಹತ್ತು ಹದಿನೈದು ವರ್ಷ ಅವು ಆ ಕೆಲಸವನ್ನು ಚೊಕ್ಕವಾಗಿ ಮಾಡಿದವು. ಆಮೇಲೆ, ನಿಮಗೆ ಗೊತ್ತೇ ಇದೆ, ಫಿಲ್ಮು ಹೋಯಿತು. ಟೇಪಿನ ಕ್ಯಾಮೆರಾಗಳು ತಮ್ಮ ಲೆನ್ಸುಗಳನ್ನು ತಾವೇ ಹೊತ್ತುಕೊಂಡು ಬಂದವು. ಅವುಗಳನ್ನು ಹಿಡಿದ ಹುಡುಗರಿಗೆ ಇವರ ಪೆಟ್ಟಿಗೆ ಬೇಕಾಗಲಿಲ್ಲ, ನಿಧಾನವಾಗಿ ಇವರೂ ಬೇಕಾಗಲಿಲ್ಲ. “ಈಗೇನ್ ಮಾಡ್ತಿದೀರಿ ಸಾರ್?” ಎಂದು ಹಾಲಿನ ಬೂತಿನ ಬಳಿ ಯಾರಾದರೂ ಕೇಳಿದರೆ “ಓದ್ತಿದೀನಿ” ಎನ್ನುತ್ತಿದ್ದರು. ಓದುತ್ತಿದ್ದದ್ದು ಅದೇ ದಿನಪತ್ರಿಕೆ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ. ಜಗಳವಾಡುತ್ತಿದ್ದ ಮನುಷ್ಯ ಜಗಳ ಬಿಟ್ಟರೆ ಮನೆ ಎಷ್ಟು ಭಣಗುಡುತ್ತದೆಂದು ನನಗೆ ಆಗ ತಿಳಿಯಿತು, ಹೆದರಿಕೆಯೂ ಆಯಿತು.

ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಾಗ ಶೈಲಜಾ ಬಂದಳು. ಧಾರವಾಡದ ಕಡೆಯ ಹುಡುಗಿ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದು ಯಾವುದೋ ಕಚೇರಿಯಲ್ಲಿ ದುಡಿಯುತ್ತಿದ್ದವಳು, ಬಿಡುವಿನಲ್ಲಿ ಸಿನಿಮಾದ ಹುಚ್ಚಿನವಳು. ನನ್ನ ತರಗತಿಗೆ ಬರುತ್ತಿದ್ದ ಅವಳ ಗೆಳತಿಯಿಂದ ಈ ಲೆನ್ಸುಗಳ ಸುದ್ದಿ ಕೇಳಿದ್ದಳಂತೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹೊಸ ಡಿಜಿಟಲ್ ಕ್ಯಾಮೆರಾವೊಂದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, “ಸರ್, ಇದರಾಗ ಲೆನ್ಸಿಗೆ ಅಡ್ಡ ಬರೋ ಕನ್ನಡಿ ಇಲ್ರಿ. ಅದಕ್ಕ ನಿಮ್ಮ ಲೆನ್ಸ್ ಇದಕ್ಕ ಕೂಡಸಬಹುದು ಅಂತಾರ. ನೀವೂ ಬರ್ರಿ, ನೀವ ಶೂಟ್ ಮಾಡಿಕೊಡ್ರಿ” ಎಂದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಕೆಲವು ಹೆಣ್ಣುಮಕ್ಕಳು ಭಾನುವಾರ ಬೇಗೂರು ಕೆರೆಯ ಏರಿಯ ಮೇಲೆ ಹೋಗಿ ಕೂರುತ್ತಾರೆ, ವಾರವಿಡೀ ಯಂತ್ರಗಳ ಮುಂದೆ ಕೂತ ಅದೇ ಸಾಲಿನಲ್ಲಿ, ಅದೇ ಕ್ರಮದಲ್ಲಿ. ಯಾರೂ ಹೇಳಿಕೊಟ್ಟದ್ದಲ್ಲ, ರೂಢಿ. ಆ ಸಾಲನ್ನೇ ಅವಳು ಚಿತ್ರ ಮಾಡಬೇಕೆಂದಿದ್ದಳು. ಕ್ಯಾಮೆರಾದ ಜೊತೆಗೇ ಬಂದ ಲೆನ್ಸು ಇದೆಯಲ್ಲ ಎಂದು ನಾನು ಕೇಳಿದರೆ ಇವರು ಅದನ್ನು ಬೆರಳಿನಿಂದ ತಟ್ಟಿ, ಪ್ಲಾಸ್ಟಿಕ್ಕಿನ ಸದ್ದು ಕೇಳಿಸಿ, “ಇದು ಆಟದ ಸಾಮಾನು” ಎಂದರು. ಎಷ್ಟೋ ವರ್ಷಗಳ ಮೇಲೆ ಅವರ ದನಿಯಲ್ಲಿ ಹಳೆಯ ಗರ್ವ ಕೇಳಿ ನನಗೆ ಒಳಗೊಳಗೇ ಹಿಗ್ಗು.

ಆದರೆ ಒಂದು ತೊಡಕಿತ್ತು. ಹೊಸ ಕ್ಯಾಮೆರಾದೊಳಗೆ ಫಿಲ್ಮಿನ ಜಾಗದಲ್ಲಿ ಸೆನ್ಸರ್ ಎಂಬ ಹೊಳೆಯುವ ಫಲಕವಿರುತ್ತದೆ. ಅದು ಹಳೆಯ ಫಿಲ್ಮಿನ ಚಿತ್ರಕ್ಕಿಂತ ದೊಡ್ಡದು. ಚಿಕ್ಕ ಡಬ್ಬಿಗೆಂದು ಹುಯ್ದ ದೋಸೆ ದೊಡ್ಡ ಡಬ್ಬಿಯನ್ನು ಮುಚ್ಚೀತೇ? ಮುಚ್ಚಿದರೆ ಇವರು ಪೆಟ್ಟಿಗೆ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುತ್ತಾರೆ. ಮುಚ್ಚದಿದ್ದರೆ ಲೆನ್ಸು ಬೀರುವಿಗೆ, ಇವರು ದಿನಪತ್ರಿಕೆಗೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ತೊಡಿಸುವ ಲೋಹದ ಬಳೆ ಇನ್ನೂ ಲೇತಿನವನ ಬಳಿ ತಯಾರಾಗುತ್ತಿದ್ದುದರಿಂದ ಕೂಡಿಸಿ ನೋಡುವ ಹಾಗಿರಲಿಲ್ಲ. “ನಿನ್ನ ಬಟರ್ ಪೇಪರ್ ಒಂದು ಕೊಡೇ” ಎಂದರು. ಸೀರೆಯ ಮೇಲೆ ಕಸೂತಿಯ ನಕ್ಷೆ ಇಳಿಸಲು ನಾನು ಇಟ್ಟುಕೊಳ್ಳುವ ಕಾಗದ ಅದು, ಅರೆಪಾರದರ್ಶಕ.

ಆ ಮಧ್ಯಾಹ್ನ ಕಂಡದ್ದನ್ನು ನಾನು ಹೇಗೆ ಹೇಳಲಿ? ಕೋಣೆಯ ಬಾಗಿಲು ಮುಚ್ಚಿ, ಕಿಟಕಿಗೆ ಕಂಬಳಿ ಹೊದಿಸಿ, ಒಂದು ಸಣ್ಣ ಕಿಂಡಿ ಬಿಟ್ಟು, ಅಗಲ ನೋಟದ ಲೆನ್ಸನ್ನು ಆ ಕಿಂಡಿಗೆ ಹಿಡಿದರು. ಅದರ ಹಿಂದೆ ನಾನು ಕಾಗದವನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಸರಿಸುತ್ತಿದ್ದಂತೆ, ಮೊದಲು ಮಂಜಿನಂತಿದ್ದದ್ದು ಇದ್ದಕ್ಕಿದ್ದಂತೆ ತಿಳಿಯಾಗಿ, ನಾಣ್ಯದಷ್ಟು ಅಗಲದ ಬೆಳಕಿನ ಬಿಲ್ಲೆಯೊಂದರಲ್ಲಿ ನಮ್ಮ ಇಡೀ ಬೀದಿ ತಲೆಕೆಳಗಾಗಿ ನಿಂತಿತು. ಎದುರು ಮನೆಯ ಹೊಂಗೆ ಮರ ಆಕಾಶಕ್ಕೆ ಬೇರೂರಿ ಕೆಳಮುಖವಾಗಿ ಚಿಗುರಿತ್ತು. ಸೊಪ್ಪಿನ ಗಾಡಿಯವಳು ಗಾಡಿಯ ಸಮೇತ ನೆತ್ತಿಯ ಮೇಲೆ ನಡೆಯುತ್ತ, ಬಿಲ್ಲೆಯ ಒಂದಂಚಿನಿಂದ ಇನ್ನೊಂದಂಚಿಗೆ ದಾಟಿ ಹೋದಳು. ಅವಳ ಕೂಗು ಮಾತ್ರ ನೆಟ್ಟಗೆ ಕೇಳಿಸುತ್ತಿತ್ತು. ಕೊತ್ತಂಬರಿಯ ಹಸಿರು ಹಸಿರಾಗಿಯೇ ಇತ್ತು! ವಿದ್ಯುತ್ತಿಲ್ಲ, ಯಂತ್ರವಿಲ್ಲ, ಗಾಜು ಮತ್ತು ಬೆಳಕು ಇಷ್ಟೇ ಸೇರಿ ನನ್ನ ಎರಡು ಹೆಬ್ಬೆರಳುಗಳ ನಡುವೆ ಒಂದು ಬೀದಿಯನ್ನು ಇಳಿಸಿದ್ದವು. ನಾನು ಉಸಿರು ಬಿಡಲೂ ಅಂಜಿದೆ, ಎಲ್ಲಿ ಸೊಪ್ಪಿನವಳು ಹಾರಿಹೋದಾಳೋ ಎಂದು.

ನನ್ನನ್ನು ಬೆರಗುಗೊಳಿಸಿದ್ದು ಇನ್ನೂ ಒಂದಿದೆ: ಆ ಚಿತ್ರ ದುಂಡಗಿತ್ತು. ಚಿತ್ರವೆಂದರೆ ಚೌಕವೆಂದೇ ನಾನು ನಂಬಿದ್ದೆ. ಗೋಡೆಯ ಮೇಲಿನ ಮದುವೆಯ ಫೋಟೋ, ಟಾಕೀಸಿನ ಪರದೆ, ಟೀವಿ ಎಲ್ಲವೂ ಹಾಗೆ ತಾನೆ? ಲೆನ್ಸಿಗೆ ಚೌಕವೇ ಗೊತ್ತಿಲ್ಲವೆಂದು ಇವರು ಹೇಳಿದರು. ಅದು ಯಾವಾಗಲೂ ದುಂಡಗೇ ಕೊಡುತ್ತದೆ. ಕ್ಯಾಮೆರಾದೊಳಗೆ ಕಪ್ಪು ತಗಡಿನಲ್ಲಿ ಕೊರೆದ ಚೌಕದ ಕಿಂಡಿಯೊಂದಿದ್ದು, ಅದು ಬೇಕಾದಷ್ಟನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. “ಹಾಗಾದ್ರೆ ಉಳಿದ ಬೆಳಕು?” ಎಂದೆ. “ತಗಡಿನ ಮೇಲೆ ಬಿದ್ದು ಹೋಗುತ್ತೆ” ಎಂದರು, ಸಹಜವಾಗಿ, ತರಕಾರಿ ಸಿಪ್ಪೆ ಬುಟ್ಟಿಗೆ ಹೋಗುತ್ತದೆ ಎನ್ನುವ ಹಾಗೆ.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಫಿಲ್ಮಿನ ಕಾಲದಲ್ಲಿ, ಬೇಸಿಗೆ ರಜೆಗೆ ಇವರ ಜೊತೆ ಚಿತ್ರೀಕರಣಕ್ಕೆ ಹೋಗುತ್ತಿದ್ದ ನಾನು, ಎದುರಿಗಿರುವವರ ಮುಖಕ್ಕೆ ಬಿಸಿಲು ತಿರುಗಿಸಲು ಬಿಳಿಯ ಥರ್ಮಾಕೋಲಿನ ಹಲಗೆ ಹಿಡಿದು ಚೌಕದ ಆಚೆ, ಒಂದು ಗೇಣು ಆಚೆ ಮಾತ್ರ, ನಿಲ್ಲುತ್ತಿದ್ದೆ. “ಸ್ವಲ್ಪ ಹಿಂದೆ, ಸ್ವಲ್ಪ ಹಿಂದೆ... ಹ್ಞಾಂ, ಈಗ ನೀನಿಲ್ಲ” ಎನ್ನುತ್ತಿದ್ದರು ಕ್ಯಾಮೆರಾದ ಹಿಂದಿನಿಂದ. ನಾನಿಲ್ಲವೆಂದರೆ ನಾನಿಲ್ಲ ಎಂದುಕೊಂಡಿದ್ದೆ. ಈಗ ನೋಡಿದರೆ ಲೆನ್ಸು ನನ್ನನ್ನು ನೋಡಿಯೇ ಇತ್ತು! ನನ್ನ ಸೀರೆಯ ಬಣ್ಣ, ಬಿಸಿಲಿಗೆ ಕಿರಿದಾದ ನನ್ನ ಕಣ್ಣು ಎಲ್ಲ ಗಾಜನ್ನು ದಾಟಿ ಒಳಗೆ ಹೋಗಿ, ಫಿಲ್ಮಿನಿಂದ ಕೂದಲೆಳೆಯಷ್ಟು ದೂರದಲ್ಲಿ, ಆ ಕಪ್ಪು ತಗಡಿನ ಮೇಲೆ ಪುಟ್ಟದಾಗಿ ತಲೆಕೆಳಗಾಗಿ ಮೂಡಿ ಆರಿಹೋಗಿತ್ತು. ನನ್ನದಷ್ಟೇ ಅಲ್ಲ, ದಾರಿಯಲ್ಲಿ ನಿಂತು ನೋಡಿದವರದು, ಅಟ್ಟಿಸಿ ಓಡಿಸಿದ ನಾಯಿಯದು, ಚೌಕಕ್ಕೆ ಹೊಂದದ ಎಷ್ಟು ಮರಗಳದು. ಇದಕ್ಕೆ ದುಃಖಪಡಬೇಕೋ ಸಂತೋಷಪಡಬೇಕೋ ಇಂದಿಗೂ ನನಗೆ ತಿಳಿದಿಲ್ಲ. ಆದರೆ ಕಂಡದ್ದಷ್ಟೇ ಇದ್ದದ್ದು ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ನನಗೀಗ ನಗು ಬರುತ್ತದೆ.

ಇರಲಿ, ಅಳತೆಯ ಕಥೆಗೆ ಬರೋಣ. ಇವರು ಸೆನ್ಸರಿನ ಅಳತೆಯನ್ನು ಕ್ಯಾಮೆರಾದ ಪುಸ್ತಿಕೆಯಿಂದ ತೆಗೆದು, ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಚೌಕ ಬರೆದರು. ಬಿಲ್ಲೆ ಆ ಚೌಕದ ನಾಲ್ಕೂ ಮೂಲೆಗಳನ್ನು ನುಂಗಬೇಕು. ಆದರೆ ಅಷ್ಟರಲ್ಲಿ ಮೋಡ ಕವಿದಿತ್ತು. ಬೀದಿಯ ಬೆಳಕು ಮಂದವಾಗಿ, ಬಿಲ್ಲೆಯ ಅಂಚು ಹತ್ತಿಯಂತೆ ಹರಡಿಕೊಂಡಿದ್ದು, ಎಲ್ಲಿ ಮುಗಿಯಿತೆಂದು ಗೆರೆ ಎಳೆಯಲಾಗಲಿಲ್ಲ. ಉಪಾಯ ಹೇಳಿದವಳು ನಾನೇ: ಹೊಲಿಗೆ ಯಂತ್ರದ ದೀಪ ಹೊತ್ತಿಸಿ, ಅದರಡಿಯಲ್ಲಿ ಕೆಂಪು ದಾರದ ಉಂಡೆಯೊಂದನ್ನಿಟ್ಟು, ಲೆನ್ಸನ್ನು ಅದಕ್ಕೆ ನಾಲ್ಕು ಬೆರಳು ದೂರದಲ್ಲಿ ಹಿಡಿದೆವು. ಕಾಗದವನ್ನು ತುಸು ಹಿಂದೆ ಸರಿಸಿದಾಗ ಉಂಡೆಯ ಒಂದೊಂದು ಎಳೆಯೂ ಎಣಿಸುವ ಹಾಗೆ ಕಂಡಿತು. ಬಿಲ್ಲೆ ಝಗ್ಗೆಂದು ಹೊಳೆಯುತ್ತ ಚೌಕದ ನಾಲ್ಕೂ ಮೂಲೆಗಳನ್ನು ಮುಚ್ಚಿತ್ತು. ನಾನು ಟೇಪು ಹಿಡಿದು ಮತ್ತೊಮ್ಮೆ ಅಳೆದೆ. “ಮುಚ್ಚತ್ತೆ ಕಣೇ! ಮುಚ್ಚತ್ತೆ!” ಎಂದು ಇವರು ಕಂಬಳಿ ಕಿತ್ತು ಬಿಸಾಕಿ ಶೈಲಜಾಳಿಗೆ ಫೋನು ಮಾಡಿ, “ಗ್ಯಾರಂಟಿ ಅಮ್ಮಾ. ಭಾನುವಾರ ಬರ್ತೀನಿ” ಎಂದರು. ಅಂದು ಸಂಜೆ ದಿನಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಶರಟಿನ ಕಾಲರು ಸವೆದಿದೆಯೆಂದು ನನಗೆ ಕೊಟ್ಟು, ತಿರುಗಿಸಿ ಹೊಲಿಸಿಕೊಂಡರು.

ಭಾನುವಾರ ಮೋಡ ಕರಗಿ ಒಳ್ಳೆಯ ಬಿಸಿಲಿತ್ತು. ದಾರಿಯಲ್ಲಿ ಲೇತಿನವನಿಂದ ಬಳೆ ಇಸಿದುಕೊಂಡು ಬೇಗೂರು ತಲುಪುವಷ್ಟರಲ್ಲಿ ಹೆಣ್ಣುಮಕ್ಕಳು ಏರಿಯ ಮೇಲೆ ಬಂದು ಕೂತಾಗಿತ್ತು, ತಮ್ಮ ಸಾಲಿನಲ್ಲಿ. ಹೂ ಮುಡಿದಿದ್ದರು, ಕಡಲೆಕಾಯಿ ಪೊಟ್ಟಣ ಕೈಯಿಂದ ಕೈಗೆ ದಾಟುತ್ತಿತ್ತು. ಎಡಗಡೆಯ ಕೊನೆಯವಳು ಮಂಜುಳಾ. ಕಾರ್ಖಾನೆಯಲ್ಲಿ ಅವಳ ಕೆಲಸ ಸಾಲಿನ ತುದಿಯಲ್ಲಿ ಕೂತು, ಮುಗಿದ ಬಟ್ಟೆಯಿಂದ ಇಳಿಬಿದ್ದ ದಾರಗಳನ್ನು ಕತ್ತರಿಸುವುದಂತೆ. ತಾನು ಸಿನಿಮಾದಲ್ಲಿ ಬರುತ್ತೇನೆಂದು ಊರಿನಲ್ಲಿರುವ ತಾಯಿಗೆ ಆಗಲೇ ಹೇಳಿಬಿಟ್ಟಿದ್ದಳು. ಶೈಲಜಾಳಿಗೆ ಬೇಕಾಗಿದ್ದದ್ದು ಒಂದೇ ಅಗಲವಾದ ನೋಟ: ಸಾಲು ಪೂರ್ತಿ, ಅವರ ಹಿಂದೆ ಕೆರೆ, ಕೆರೆಯಾಚೆಯ ದಂಡೆ.

ಇವರು ಬಳೆ ತೊಡಿಸಿ, ಲೆನ್ಸು ಕೂಡಿಸಿ, ಬಿಸಿಲು ಜಾಸ್ತಿಯೆಂದು ಲೆನ್ಸಿನ ಕಣ್ಣನ್ನು ಕಿರಿದು ಮಾಡಿ, ದೂರಕ್ಕೆ ಹೊಂದಿಸಿ ಪರದೆಯನ್ನು ನೋಡಿದರು. ನೋಡಿ ಹಾಗೇ ನಿಂತರು. ಬೆನ್ನು ನೋಡಿಯೇ ನನಗೆ ಏನೋ ಆಯಿತೆಂದು ಗೊತ್ತಾಯಿತು. ಬಿಸಿಲಿಗೆ ಪರದೆ ಕಾಣದೆ ನಾನು ಸೆರಗನ್ನು ಇಬ್ಬರ ತಲೆಯ ಮೇಲೂ ಹೊದಿಸಿ ಬಗ್ಗಿದೆ. ಕಪ್ಪಿನ ನಡುವೆ ಒಂದು ದುಂಡು ಚಿತ್ರ. ನಾಲ್ಕು ಮೂಲೆಗಳೂ ಕತ್ತಲು. ಸಾಲಿನ ಆ ತುದಿಯವಳ ಮೊಣಕಾಲು ಮಾತ್ರ ಉಳಿದಿತ್ತು, ಈ ತುದಿಯಲ್ಲಿ ಮಂಜುಳಾ ಇರಲೇ ಇಲ್ಲ.

“ದಾರದ ಉಂಡೆ ತೀರಾ ಹತ್ರ ಇತ್ತು ಕಣೇ” ಎಂದರು ಮೆಲ್ಲಗೆ. “ಹತ್ರದ್ದನ್ನ ತಿಳಿಯಾಗಿ ನೋಡೋಕೆ ಕಾಗದ ಹಿಂದೆ ಸರಿಸ್ಬೇಕು. ಸರಿಸಿದಷ್ಟೂ ಬಿಲ್ಲೆ ಅಗಲ ಆಗತ್ತೆ. ದೂರಕ್ಕೆ ಬಂದ್ರೆ ಇಷ್ಟೇ.” ಇಷ್ಟು ವರ್ಷ ಬಿಲ್ಲೆ ಫಿಲ್ಮಿನ ಅಳತೆಗೆ ಸಾಕಾಗಿದ್ದರಿಂದ ಅಂಚಿನ ಚಿಂತೆಯೇ ಅವರಿಗೆ ಬಂದಿರಲಿಲ್ಲ, ದೀಪದಡಿಯ ಉಂಡೆಯನ್ನು ನೋಡಿ ಕೆರೆಯ ಅಳತೆ ತೆಗೆದ ದಂಪತಿಗಳು ನಾವೇ ಇರಬೇಕು. ನಗಬಹುದಿತ್ತು, ನಗಲಿಲ್ಲ. ಗ್ಯಾರಂಟಿ ಎಂದು ಹೇಳಿದ್ದರಲ್ಲ.

ಶೈಲಜಾ ಒಳ್ಳೆಯ ಹುಡುಗಿ. ಪರದೆ ನೋಡಿ ಒಂದು ಕ್ಷಣ ಮುಖ ಸಣ್ಣದಾದರೂ ತಕ್ಷಣ ಸಾವರಿಸಿಕೊಂಡು, “ಇರ್ಲಿ ಬಿಡ್ರಿ ಸರ್, ನಡುವಿಂದಷ್ಟ ಇಟ್ಕೊಂಡು ಕಂಪ್ಯೂಟರಿನ್ಯಾಗ ದೊಡ್ಡದು ಮಾಡ್ತೇನ್ರಿ. ಏನೂ ತ್ರಾಸ್ ಇಲ್ಲ” ಎಂದಳು. ಇವರು ಸೆರಗಿನ ನೆರಳಲ್ಲಿ ಪರದೆಯನ್ನೇ ನೋಡುತ್ತಿದ್ದರು, ನಾಚಿಕೆಯಿಂದ ನೋಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಆಮೇಲೆ ಅವರ ಮುಖ ನೋಡಿದೆ. ಆ ಮುಖದಲ್ಲಿದ್ದದ್ದು ನಾಚಿಕೆಯಲ್ಲ.

“ನೋಡೇ ಇಲ್ಲಿ” ಎಂದರು. “ಇಷ್ಟು ವರ್ಷ ಇದರ ಅಂಚನ್ನ ನಾನು ಹೀಗೆ ನಿಚ್ಚಳವಾಗಿ ನೋಡೇ ಇರ್ಲಿಲ್ಲ.”

ನಿಜವಾಗಿಯೂ ಅದು ನೋಡಬೇಕಾದ್ದೇ. ಕತ್ತಲಿನ ನಡುವೆ ತುಂಬಿ ನಿಂತ ದುಂಡು ಕೆರೆ. ನಡುವಿನಲ್ಲಿ ನೀರಿನ ಒಂದೊಂದು ಸುಕ್ಕೂ ಚೂಪಾಗಿದ್ದು, ಅಂಚಿನತ್ತ ಹೋದಂತೆ ದಂಡೆಯ ಜೊಂಡು ಮೆಲ್ಲಗೆ ಬಾಗಿ, ಬಣ್ಣ ತೆಳುವಾಗಿ, ಕಟ್ಟಕಡೆಗೆ ಒಂದು ತೆಳ್ಳನೆಯ ನೀಲಿ ಗೆರೆಯಾಗಿ ಕತ್ತಲಿಗೆ ಇಳಿಯುತ್ತಿತ್ತು. ಯಾವುದೋ ಪರದೇಶದಲ್ಲಿ ಯಾರೋ ಕೂತು ಗಾಜನ್ನು ತಿಂಗಳುಗಟ್ಟಲೆ ಉಜ್ಜಿ, ಇಲ್ಲಿಯವರೆಗೆ ಬೆಳಕು, ಇಲ್ಲಿಂದಾಚೆ ನನ್ನ ಕೈಯಲ್ಲಾಗದು ಎಂದು ಬಿಟ್ಟ ಮೇರೆ ಅದು. ಕೆಲಸ ಮಾಡಿದಷ್ಟು ಕಾಲವೂ ಚೌಕದ ಕಿಂಡಿ ಅದನ್ನು ಇವರಿಂದ ಮರೆಮಾಡಿತ್ತು. ತಾವು ಕಟ್ಟಿಕೊಂಡ ಲೆನ್ಸಿನ ಪೂರ್ತಿ ಮುಖವನ್ನು ಇವರು ಅರವತ್ತರ ಹತ್ತಿರ ಬಂದು, ಅದು ಕೈಕೊಟ್ಟ ದಿನ ಮೊದಲ ಬಾರಿಗೆ ಸ್ಪಷ್ಟವಾಗಿ ನೋಡುತ್ತಿದ್ದರು. ನಾವಿಬ್ಬರೂ ಸೆರಗಿನೊಳಗೆ ಮಕ್ಕಳ ಹಾಗೆ ಬಾಯಿ ತೆರೆದುಕೊಂಡು ನಿಂತೆವು. ನನ್ನ ಕಣ್ಣು ತುಂಬಿತು, ಯಾಕೆಂದು ಕೇಳಬೇಡಿ. ಕೆಲವು ಸಲ ಲೋಕ ತಾನು ಎಷ್ಟು ದೊಡ್ಡದೆಂದು ತೋರಿಸುವುದೇ ನಮ್ಮ ಲೆಕ್ಕ ತಪ್ಪಿದಾಗ.

ಸಾಲಿನಲ್ಲಿ ಕೂತವರಿಗೆ ಇದು ಯಾವುದೂ ಗೊತ್ತಿಲ್ಲ. ಕಡಲೆಕಾಯಿ ಮುಗಿದಿತ್ತು. “ಸಾರ್, ಇನ್ನೂ ಎಷ್ಟೊತ್ತು ನಗ್ತಾ ಇರ್ಬೇಕು? ದವಡೆ ನೋಯ್ತದೆ” ಎಂದು ನಡುವಿನವಳೊಬ್ಬಳು ಕೂಗಿದಳು, ಎಲ್ಲರೂ ಗೊಳ್ಳೆಂದರು. ಇವರು ಆ ದುಂಡು ಚಿತ್ರವನ್ನು ಒಂದೇ ಒಂದು ಸಲ ತೆಗೆದುಕೊಂಡರು, ತಮಗಾಗಿ. ಆಮೇಲೆ ಸೆರಗಿನಿಂದ ಹೊರಬಂದು ಶೈಲಜಾಳಿಗೆ ಹೇಳಿದರು:

“ಕಂಪ್ಯೂಟರಲ್ಲಿ ದೊಡ್ಡದು ಮಾಡಿದ್ರೆ ತುದೀಲಿರೋರು ಹೋಗ್ತಾರಮ್ಮ. ಬೇಡ. ನಿನ್ನ ಲೆನ್ಸ್ ಕೊಡು.”

“ಸರ್, ಅದು ಪ್ಲಾಸ್ಟಿಕ್ಕಿಂದು...” ಎಂದಳು ಅವಳು, ಇವರ ಮಾತೇ ಇವರಿಗೆ ಕುಟುಕೀತೆಂದು ಹೆದರಿ.

“ಇರ್ಲಿ ಕೊಡು. ಅದು ಈ ಸೆನ್ಸರ್‌ಗೇ ಹುಟ್ಟಿದ್ದು, ನಾಲ್ಕೂ ಮೂಲೆ ನೋಡತ್ತೆ.”

ತಮ್ಮ ಲೆನ್ಸನ್ನು ಬಿಚ್ಚಿ, ಮುಚ್ಚಳ ಹಾಕಿ, ಮಖಮಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಗಾಜಿನ ಹತ್ತಿರ ಬರಬೇಡವೆನ್ನುತ್ತಿದ್ದವರೇ! ಅದು ಇನ್ನೂ ಬಿಸಿಲಿಗೆ ಬೆಚ್ಚಗಿತ್ತು. ಕೈಗೆ ಹಗುರವಾದ ಆ ಹೊಸ ಲೆನ್ಸನ್ನು ಕೂಡಿಸಿ, ಅವರು ಕಾಲು ಅಗಲಿಸಿ ನಿಂತ ಭಂಗಿ ಇತ್ತಲ್ಲ, ಎಡ ಭುಜ ತುಸು ತಗ್ಗಿಸಿ, ಉಸಿರು ಕಟ್ಟಿ, ಅದನ್ನು ನಾನು ನೋಡಿ ಯಾವ ಕಾಲವಾಗಿತ್ತೋ! ನೆರಳು ಉದ್ದವಾಗುವವರೆಗೂ ಸಾಲನ್ನು ಅತ್ತಲಿಂದಲೂ ಇತ್ತಲಿಂದಲೂ ತೆಗೆದರು. ಶೈಲಜಾಳ ಮೇಲೆ ರೇಗಿದರು, ನನ್ನ ಮೇಲೂ ರೇಗಿದರು. ಬೈಸಿಕೊಂಡು ಇಷ್ಟು ಸುಖಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕೊನೆಗೆ ಎಲ್ಲರೂ ಸೀರೆಯ ಧೂಳು ಕೊಡವಿಕೊಂಡು ಏಳುವಾಗ ಮಂಜುಳಾ ಮಾತ್ರ ಹಿಂದೆ ಉಳಿದಳು. ಕೇಳಲೋ ಬೇಡವೋ ಎಂದು ಸೆರಗಿನ ತುದಿ ಹೊಸೆಯುತ್ತ ಬಂದು, “ಸಾರ್, ನಾನು ಕೊನೇಲಿದ್ದೆ. ನಾನು ಬಂದ್ನಾ?” ಎಂದಳು.

ಇವರು ಚಿತ್ರವನ್ನು ಹಿಂದಕ್ಕೆ ಓಡಿಸಿ, ಪರದೆಯನ್ನು ಅವಳತ್ತ ತಿರುಗಿಸಿ, ಎಡ ಮೂಲೆಯನ್ನು ಬೆರಳಿನಿಂದ ತೋರಿಸಿದರು. “ಬಂದಿದೀಯಮ್ಮ. ಪೂರ್ತಿ ಬಂದಿದೀಯ” ಎಂದರು. ಅವಳು ಬಗ್ಗಿ, ಆ ಪುಟ್ಟ ಮೂಲೆಯಲ್ಲಿ ತಾನು ನಗುತ್ತಿರುವುದನ್ನು ಬಹಳ ಹೊತ್ತು ನೋಡಿದಳು. ಅವಳು ನೋಡಿ ಮುಗಿಸುವ ತನಕ ಇವರು ಕೈ ಅಲುಗಿಸದೆ ಕ್ಯಾಮೆರಾ ಹಿಡಿದೇ ಇದ್ದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಶೈಲಜಾಳತ್ತ ತಿರುಗಿ, “ಮುಂದಿನ ಶಾಟ್ ಯಾವ್ದಮ್ಮಾ?” ಎಂದರು.